ಬೇಲಿ ದಾಟಿದ ಆಟಿ ಸೊಪ್ಪು

ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಬೆಳಿಗ್ಗೆ ಮಡಿಕೇರಿಯ ಮಳೆ ಹತ್ತು ನಿಮಿಷ ಹೊಳವಾಯಿತು. ಪಾಯಸದ ಸೊಪ್ಪು ಕೊಯ್ಯಲು ಅಷ್ಟು ಸಾಕು. ಹಿತ್ತಲಿನ ಬೇಲಿಗುಂಟ ಸೊಂಟದೆತ್ತರ ನಿಂತಿರುವುದು ಕೊಡವರ ಮದ್ದ್ ತೊಪ್ಪು, ಇದೇ ತಿಂಗಳನ್ನು ಆಟಿ ಅನ್ನುವ ಅರೆಭಾಷೆಯವರ ಆಟಿ ಸೊಪ್ಪು. ಸಸ್ಯಶಾಸ್ತ್ರದಲ್ಲಿ ಜಸ್ಟಿಸಿಯಾ ವೈನಾಡೆನ್ಸಿಸ್. ಕಾಫಿ ತೋಟದ ನೆರಳಲ್ಲಿ ತಾನಾಗಿ ಬೆಳೆಯುವ ಗಿಡವಾದ್ದರಿಂದ ಪೇಟೆಯ ಸೈಟಿನಲ್ಲಿ ಇದನ್ನು ನೆಡುವವರು ಕಡಿಮೆ. ಆ ದಿನ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊಂಡರಾಯಿತು ಅನ್ನುವ ಲೆಕ್ಕ.

ಈ ದಿನಕ್ಕೆ ಹದಿನೆಂಟು ಬಗೆಯ ಮದ್ದು ಗಿಡಕ್ಕೆ ಬಂದು ಸೇರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಅದು ಹಾಗಿರಲಿ, ಪರಿಮಳ ಮಾತ್ರ ಯಾರ ನಂಬಿಕೆಗೂ ಕಾಯುವುದಿಲ್ಲ. ಪಾತ್ರೆ ಕುದಿಯತೊಡಗಿದರೆ ಬೀದಿಗೇ ಗೊತ್ತಾಗುತ್ತದೆ.

ಒಂದು ಲೋಟ ಸಣ್ಣಕ್ಕಿಯ ಪಾಯಸಕ್ಕೆ ಎರಡು ಕೈಯಲ್ಲಿ ಹಿಡಿಯುವಷ್ಟು ಸೊಪ್ಪು ಬೇಕು, ಎಳೆ ದಂಟು ಸಮೇತ. ಮಣ್ಣು ಹೋಗುವ ಹಾಗೆ ಮೂರು ನೀರಿನಲ್ಲಿ ತೊಳೆದು, ಏಳೆಂಟು ಲೋಟ ನೀರಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಕುದಿಸಬೇಕು. ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ ಮೇಲೆ ಸೋಸಿ, ಆ ರಸದಲ್ಲೇ ಅಕ್ಕಿ ಬೇಯಿಸುವುದು. ಬೆಲ್ಲ ಒಂದು ಲೋಟ. ಆದರೆ ಅಗುಳು ಬೆರಳಲ್ಲಿ ಹಿಚುಕಿದರೆ ನುಣ್ಣಗಾಗುವವರೆಗೆ ಅದನ್ನು ಮುಟ್ಟಬೇಡಿ. ಮೊದಲೇ ಹಾಕಿದರೆ ಅಕ್ಕಿ ಆಮೇಲೆ ಎಷ್ಟು ಬೇಯಿಸಿದರೂ ಗಟ್ಟಿ ಗಟ್ಟಿ. ತೆಂಗಿನ ಹಾಲು ಕೊನೆಗೆ, ಉರಿ ತೀರಾ ಸಣ್ಣಗೆ ಮಾಡಿ. ಜೋರು ಕುದಿ ಬಂದರೆ ಒಡೆಯುತ್ತದೆ. ಏಲಕ್ಕಿ ಎರಡೇ ಎರಡು, ಸೊಪ್ಪಿನ ಪರಿಮಳ ಮುಚ್ಚಿಹೋಗಬಾರದು. ಬಡಿಸುವಾಗ ಮೇಲೆ ತುಪ್ಪ, ಬೇಕಿದ್ದವರಿಗೆ ಜೇನು.

ಪಕ್ಕದ ಮನೆಗೆ ಬಯಲುಸೀಮೆಯಿಂದ ಹೊಸದಾಗಿ ಬಂದ ಹುಡುಗಿ ಬಟ್ಟೆ ಒಣಗುವ ಆಸೆಯಲ್ಲಿ ಹೊರಗೆ ಬಂದವಳು ಬೇಲಿಯ ಹತ್ತಿರವೇ ನಿಂತಳು.

“ಆಂಟಿ, ಏನದು ವಾಸನೆ? ಬಣ್ಣ ನೋಡಿದ್ರೆ ಬೀಟ್‌ರೂಟ್ ಥರ ಇದೆ.”

“ಬೀಟ್‌ರೂಟ್ ಎಂಥದೂ ಅಲ್ಲ ಮಾರಾಯ್ತಿ, ನಿನ್ನ ಎದುರಿಗೇ ಉಂಟಲ್ಲ ಗಿಡ.”

ದಿನಾ ನೋಡುತ್ತಿದ್ದ ಗಿಡವನ್ನು ಅವಳು ಮೊದಲ ಸಲ ಮುಟ್ಟಿ ನೋಡಿದಳು. ಒಂದು ಎಲೆಯನ್ನು ಬಿಸಿನೀರಿನ ಲೋಟಕ್ಕೆ ಹಾಕಿ ಕೊಟ್ಟರೆ, ನೀರು ನಿಧಾನಕ್ಕೆ ನೇರಳೆಯಾಗುವುದನ್ನು ಕಣ್ಣರಳಿಸಿ ನೋಡಿದಳು. ಗಿಡದ ಗುರುತು ಹಿಡಿಯುವುದಕ್ಕೂ ಇದು ಒಳ್ಳೆ ಉಪಾಯ, ಆದರೆ ಗೊತ್ತಿದ್ದವರ ಬೇಲಿಯಿಂದ ತಂದ ಗಿಡಕ್ಕೆ ಮಾತ್ರ. ಕಾಡಿನಲ್ಲಿ ಕಂಡದ್ದನ್ನೆಲ್ಲ ಕಿತ್ತು ಕುದಿಸಬಾರದು. “ಒಂದು ಕಡ್ಡಿ ಕೊಡ್ತೀರಾ?” ಅಂತ ಅವಳೇ ಕೇಳಿದಳು.

ಕೊಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪಾಯಸಕ್ಕೆ ಬೇಡವಾದ ಬಲಿತ ದಂಟೇ ನೆಡಲು ಬೇಕಾದದ್ದು, ಪೆನ್ಸಿಲ್ ದಪ್ಪದ್ದು. ಒಂದು ಗೇಣಿಗೆ ತುಸು ಕಡಿಮೆ, ಮೂರು ನಾಲ್ಕು ಗೆಣ್ಣು ಇರುವ ಹಾಗೆ, ಕೆಳಗಿನ ಗೆಣ್ಣಿನ ಕೆಳಗೇ ಹರಿತವಾದ ಕತ್ತಿಯಲ್ಲಿ ಕತ್ತರಿಸಬೇಕು. ಕೆಳಗಿನ ಎಲೆ ಪೂರ್ತಿ ತೆಗೆದು, ಮೇಲಿನ ಎರಡನ್ನು ಅರ್ಧಕ್ಕೆ ಕತ್ತರಿಸಿದರೆ ನೀರು ಆರುವುದು ಕಡಿಮೆ. ಎರಡು ಗೆಣ್ಣು ಮಣ್ಣೊಳಗೆ.

ಮಣ್ಣಿನಲ್ಲೇ ಹೆಚ್ಚಿನವರು ತಪ್ಪುವುದು. ಕಾಫಿ ನರ್ಸರಿಯ ರೂಢಿ ಆರು ಪಾಲು ಕಾಡುಮಣ್ಣು, ಎರಡು ಪಾಲು ಹಟ್ಟಿಗೊಬ್ಬರ, ಒಂದು ಪಾಲು ಮರಳು. ಬೀಜದ ಸಸಿಗೆ ಅದು ಸರಿ. ಆಟಿಯ ಮಳೆಯಲ್ಲಿ ನೆಡುವ ಕಡ್ಡಿಗೆ ಅದೇ ಮಣ್ಣು ಹಾಕಿದರೆ ನೀರು ನಿಂತು ಬುಡ ಕಪ್ಪಾಗಿ ಕೊಳೆಯುತ್ತದೆ. ಮಣ್ಣು, ಮರಳು ಸಮಸಮ ಇರಲಿ, ಗೊಬ್ಬರ ಬೇರು ಬಂದ ಮೇಲೆ. ನೆಡುವ ಪ್ಲಾಸ್ಟಿಕ್ ತೊಟ್ಟೆಯ ತಳಕ್ಕೂ ಪಕ್ಕಕ್ಕೂ ತೂತು ಬೇಕೇ ಬೇಕು. ಇಡುವ ಜಾಗ ಮಾಡಿನ ಒಳಬದಿ. ಮಾಡಿನಿಂದ ಬೀಳುವ ನೀರಿನ ಅಡಿ ಇಟ್ಟರೆ ಒಂದು ರಾತ್ರಿಗೆ ಮಣ್ಣೆಲ್ಲ ತೊಳೆದುಹೋಗಿ ಕಡ್ಡಿ ವಾಲಿರುತ್ತದೆ. ಬಸವನಹುಳಕ್ಕೆ ಬೂದಿ ಹಾಕುವುದು ಈ ಮಳೆಯಲ್ಲಿ ದಂಡ, ಒದ್ದೆಯಾದ ಬೂದಿಯನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೊಂದೇ ದಾರಿ. ಬೇರು ಬಂತೋ ಅಂತ ದಿನಾ ಕಿತ್ತು ನೋಡುವವರೂ ಇದ್ದಾರೆ. ಅವರಿಗೆ ಮಾರ್ಕೆಟ್ಟಿನ ಕಟ್ಟೇ ಗತಿ.

ಆ ದಿನ ಪಾಯಸದ ಪಾತ್ರೆಯ ಜೊತೆ ಬೇಲಿಯಾಚೆಗೆ ಹೋದದ್ದು ಆರು ಕಡ್ಡಿ. ಹೇಳಲು ಮರೆತದ್ದು ಒಂದೇ ವಿಷಯ. ಮಾರನೇ ಬೆಳಿಗ್ಗೆ ಏಳಕ್ಕೇ ಅವಳು ಬೇಲಿಯ ಹತ್ತಿರ, ಮುಖ ಬಿಳಿಚಿಕೊಂಡು: “ಆಂಟಿ, ಇವರಿಗೆ ಮೂತ್ರ ಕೆಂಪಾಗಿ ಹೋಗ್ತಿದೆ!” ಸೊಪ್ಪಿನ ಬಣ್ಣ ಅದು, ಪಾಯಸ ಉಂಡವರಿಗೆ ಮಾರನೇ ದಿನ ಹೀಗಾಗುವುದು ಇಲ್ಲಿ ಮಾಮೂಲು. ಹೊಸಬರಿಗೆ ಪಾತ್ರೆ ಕೊಡುವಾಗಲೇ ಈ ಮಾತು ಹೇಳಿಬಿಡಬೇಕು.

ಸೆಪ್ಟೆಂಬರ್ 3ರ ಕೈಲ್‌ಪೋಳ್ದ್, ಕೊಡವರ ಆಯುಧಪೂಜೆಯ ಹಬ್ಬದ ಹೊತ್ತಿಗೆ ಆರರಲ್ಲಿ ನಾಲ್ಕು ಚಿಗುರಿದ್ದವು. ಒಂದು ಕೊಳೆತಿತ್ತು, ಇನ್ನೊಂದನ್ನು ಬಸವನಹುಳ ತಿಂದಿತ್ತು. ನಾಲ್ಕನ್ನೂ ಸೀಬೆ ಮರದ ನೆರಳಿಗೆ, ಎರಡೆರಡು ಅಡಿ ಬಿಟ್ಟು ಇಳಿಸಿದ್ದಾಳೆ. ಜನವರಿಯಿಂದ ಏಪ್ರಿಲ್‌ವರೆಗೆ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ವಾರಕ್ಕೆರಡು ಸಲ ನೀರು ಕೊಟ್ಟರೆ ಬದುಕುತ್ತವೆ. ಮುಂದಿನ ಆಟಿಗೆ ಅವನ್ನು ಕೊಯ್ಯದೆ ಬಿಡಬೇಕು. ಅದಕ್ಕೇ ಆಚೆ ಬೀದಿಯ ಇಬ್ಬರು ಅವಳಲ್ಲಿ ಕಡ್ಡಿ ಕೇಳಿದಾಗ, ಅವಳು ಅವರನ್ನು ನಮ್ಮ ಬೇಲಿಗೇ ಕರೆದುಕೊಂಡು ಬಂದಳು.