ಅಚ್ಚುಕಟ್ಟು

ಬೆಂಗಳೂರು
12 ಅಕ್ಟೋಬರ್ 2025, ಭಾನುವಾರ

ರಾತ್ರಿಯಿಡೀ ಹಿಡಿದಿದ್ದ ಮಳೆ ಬೆಳಿಗ್ಗೆ ಬಿಟ್ಟಿತು. ಕಾಫಿ ಕುಡಿದು ಕೆರೆಯ ಕಡೆಗೆ ಹೊರಟೆ. ತಿಂಗಳುಗಟ್ಟಲೆ ತಗಡಿನ ಬೇಲಿ ಹಾಕಿ ‘ಅಭಿವೃದ್ಧಿ’ ಮಾಡಿದವರು ಮೊನ್ನೆಯಷ್ಟೇ ಗೇಟು ತೆರೆದಿದ್ದಾರೆ. ಸುತ್ತಲೂ ಕಲ್ಲು ಕಟ್ಟಿದ ಕಡಿದಾದ ದಡ, ಇಟ್ಟಿಗೆ ಹಾಸಿದ ಕಾಲುದಾರಿ, ದೀಪದ ಕಂಬಗಳು. ಅಚ್ಚುಕಟ್ಟಾಗಿದೆ, ಛತ್ರದ ಪಾಯಸದ ಬೋಗುಣಿಯ ಹಾಗೆ.

ಹೋದ ವರ್ಷ ಪೂರ್ವದ ಬದಿಯಲ್ಲಿ ನೀರು ಮೊಣಕಾಲುದ್ದ ಮಾತ್ರ ಇತ್ತು, ಜೊಂಡು ಆಳೆತ್ತರ. ನೇರಳೆ ಜಂಬುಕೋಳಿಯೊಂದು ಜೊಂಡಿನ ದಂಟನ್ನು ಕಾಲಿನ ಉದ್ದ ಬೆರಳುಗಳಲ್ಲಿ ಹಿಡಿದು, ನಾವು ಕಬ್ಬು ಸಿಗಿಯುವ ಹಾಗೆ ಸಿಗಿದು ತಿನ್ನುವುದನ್ನು ಅಲ್ಲೇ ನಿಂತು ನೋಡಿದ್ದೆ. ಈಗ ಆ ಬದಿಯೇ ಇಲ್ಲ. ದಡ ಬಿಟ್ಟರೆ ಸೀದಾ ಆಳ. ನಡುನೀರಿನಲ್ಲಿ ಎರಡು ನೀರುಕಾಗೆ, ಅಷ್ಟೆ. ಜೌಗೆಂದರೆ ಗಲೀಜು ಎಂದು ಅದನ್ನು ಬಗೆದು ತೆಗೆದರು. ರಾಜಕಾಲುವೆ ತರುವ ಕೊಳಚೆಯ ಸಾರಜನಕ, ರಂಜಕವನ್ನು ಅಷ್ಟಿಷ್ಟಾದರೂ ಹೀರುತ್ತಿದ್ದುದು ಆ ಜೊಂಡೇ. ಕೊಳಚೆ ಮಾತ್ರ ನಿಂತಿಲ್ಲ, ವಾಸನೆ ಗೇಟಿನವರೆಗೂ ಬರುತ್ತದೆ.

ನಮ್ಮ ಕೋಡಿಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೇ ಬೆಂಕಿ ಬಿದ್ದು, ಆರಿಸಲು ಸೈನಿಕರು ಸಾವಿರಗಟ್ಟಲೆ ಇಳಿಯಬೇಕಾಯಿತು. ಕೆರೆಯ ಸುತ್ತ 75 ಮೀಟರ್ ಮುಟ್ಟಬಾರದು ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಉಳಿದದ್ದು ನಗರ ಯೋಜನೆಯ 30 ಮೀಟರ್. ಇಲ್ಲಿ ಅದರಲ್ಲೇ ಕಾಲುದಾರಿ, ವಾಹನ ನಿಲ್ದಾಣ ಎರಡೂ ಆಗಿವೆ.

ಏರಿಯ ಕೆಳಗೆ ಅಜ್ಜಿಯೊಬ್ಬರು ಕುಡುಗೋಲು ಹಿಡಿದು ಕಲ್ಲಿನ ಸಂದಿಯಲ್ಲಿ ಹುಲ್ಲು ಹುಡುಕುತ್ತಿದ್ದರು.

“ಸಿಕ್ಕಿತೇ ಅಜ್ಜಿ?”

“ಎಲ್ಲಿ ಕಣಮ್ಮಾ, ಎರಡು ಹಸುವಿಗೆ ಇಷ್ಟು,” ಎಂದು ಹಿಡಿ ತೋರಿಸಿದರು. “ನಿಮ್ಮ ಮನೆ ಯಾವ ಕಡೆ?”

ಕೈ ತೋರಿಸಿದೆ.

“ಅದಾ? ಅಲ್ಲಿ ನಮ್ಮ ಮಾವನ ಭತ್ತದ ಗದ್ದೆ ಇತ್ತು. ಎಲ್ಲ ಈ ಕೆರೆಯ ನೀರುಣ್ಣುವ ಅಚ್ಚುಕಟ್ಟೇ.”

2022ರ ಸೆಪ್ಟೆಂಬರಿನಲ್ಲಿ ನೆಲಮಾಳಿಗೆಯಲ್ಲಿ ಎದೆಮಟ್ಟ ನೀರು ನಿಂತು, ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದಾಗ ನಾನು ದಾರಿಯುದ್ದಕ್ಕೂ ಬೈದದ್ದು ಮಳೆಯನ್ನು. ಇದನ್ನು ಅಜ್ಜಿಗೆ ಹೇಳಲಿಲ್ಲ.

ಹೊರೆ ಕಟ್ಟಿ, ತಲೆಗೆ ಎತ್ತಿಕೊಡು ಎಂದರು. ಎರಡೂ ಕೈ ಹಾಕಿದೆ. ಒಂದೇ ಸಾಕಿತ್ತು.