ಕೆಮಿಸ್ಟ್ರಿ ಲ್ಯಾಬಿನ ಕಾಫಿ

2011ರಲ್ಲಿ ನಾನು ಬಿ.ಎಸ್ಸಿ.ಗೆ ಸೇರುವ ಹೊತ್ತಿಗೆ ನಮ್ಮೂರಿನ ಸ್ಟುಡಿಯೋಗಳೆಲ್ಲ ಡಿಜಿಟಲ್ ಆಗಿದ್ದವು. ಕಪ್ಪು-ಬಿಳುಪು ರೀಲು ತೊಳೆದುಕೊಡಿ ಎಂದು ಕೇಳಿದರೆ ಬೆಂಗಳೂರಿಗೆ ಕಳಿಸಿ ಎನ್ನುತ್ತಿದ್ದರು. ಆದರೆ ನಮ್ಮ ಕಾಲೇಜಿನಲ್ಲಿ ಆ ಕೆಲಸ ನಿಂತಿರಲಿಲ್ಲ. ಕೆಮಿಸ್ಟ್ರಿ ಮೇಡಂ ಇದ್ದರಲ್ಲ, ಅವರು ನಿಲ್ಲಲು ಬಿಡಲಿಲ್ಲ. ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಡೆವಲಪರ್ ಪುಡಿಯ ಪ್ಯಾಕೆಟ್ ತರಿಸುವಷ್ಟು ದುಡ್ಡು ನಮ್ಮ ಫೋಟೋಗ್ರಫಿ ಕ್ಲಬ್ಬಿನಲ್ಲಿ ಇರಲಿಲ್ಲ. ಅವರು ಇನ್‌ಸ್ಟಂಟ್ ಕಾಫಿ ಡಬ್ಬಿ ತಂದರು.

ಇದು ಅವರು ಕಂಡುಹಿಡಿದ ದಾರಿ ಅಲ್ಲ, ಅದನ್ನು ಅವರೇ ಮೊದಲ ದಿನ ಹೇಳಿದರು. ಕೊಡಕ್ ಕಂಪನಿಯ ತವರೂರು ಅಮೆರಿಕದ ರಾಚೆಸ್ಟರ್. ಅಲ್ಲಿನ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1995ರಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಕಾಫಿ ಮತ್ತು ವಾಷಿಂಗ್ ಸೋಡಾದಲ್ಲಿ ಫಿಲ್ಮ್ ತೊಳೆದು ತೋರಿಸಿದ್ದರು. ವಿಟಮಿನ್ ಸಿ ಆಮೇಲೆ ಸೇರಿಕೊಂಡಿತು. ಈ ಬಗೆಯ ಡೆವಲಪರಿಗೆ ಕೆಫೆನಾಲ್ ಎಂದು ಹೆಸರು. ತರಗತಿಯಲ್ಲಿ ಹುಟ್ಟಿದ ವಿದ್ಯೆ ಎಂಬುದೇ ಮೇಡಂಗೆ ಜಾಸ್ತಿ ಇಷ್ಟವಾಗಿತ್ತು ಅನಿಸುತ್ತದೆ.

ಅಳತೆ ಇಷ್ಟೇ. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. 20 ಡಿಗ್ರಿಯಲ್ಲಿ 15 ನಿಮಿಷ.

ಸೋಡಾ ತೂಗುವುದರಲ್ಲೇ ನಮಗೆ ಒಂದು ಪಾಠ ಆಯಿತು. 54 ಗ್ರಾಂ ಎಂದರೆ ನೀರಿನ ಅಂಶವಿಲ್ಲದ ಸೋಡಾ. ಅಂಗಡಿಯ ಹರಳಿನಲ್ಲಿ ಒಂದೊಂದು ಅಣುವಿಗೆ ಹತ್ತು ನೀರಿನ ಅಣು ಅಂಟಿಕೊಂಡಿರುತ್ತವೆ. ಅಣುತೂಕ 106ರ ಜಾಗದಲ್ಲಿ 286. ಲೆಕ್ಕ ಹಾಕಿದರೆ ಹರಳು ಸುಮಾರು 146 ಗ್ರಾಂ ಬೇಕು. ಆದರೆ ಪೊಟ್ಟಣ ಬಿಚ್ಚಿಟ್ಟರೆ ಹರಳು ಗಾಳಿಗೆ ಒಣಗಿ ಪುಡಿಯಾಗುತ್ತಾ ಹೋಗುತ್ತದೆ. ಎಷ್ಟು ಒಣಗಿದೆ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಬಾಣಲೆಯಲ್ಲಿ ಹಾಕಿ ಬಿಸಿ ಮಾಡಿಸಿದರು. ಹರಳು ಮೊದಲು ತನ್ನದೇ ನೀರಿನಲ್ಲಿ ಕರಗುತ್ತದೆ, ಕುದಿಯುತ್ತದೆ, ಕೊನೆಗೆ ಒಣ ಬಿಳಿ ಪುಡಿ ಉಳಿಯುತ್ತದೆ. ಪುಸ್ತಕದಲ್ಲಿ ಚುಕ್ಕೆ ಹಾಕಿ ಬರೆದ ಆ '10 ನೀರು' ಹಬೆಯಾಗಿ ಹೋಗುವುದನ್ನು ನಾವು ಕಣ್ಣಾರೆ ನೋಡಿದೆವು. ಅಡುಗೆ ಸೋಡಾವನ್ನೂ ಹೀಗೇ ಚೆನ್ನಾಗಿ ಕಾಯಿಸಿದರೆ ವಾಷಿಂಗ್ ಸೋಡಾ ಆಗುತ್ತದೆ. 84 ಗ್ರಾಂ ಹಾಕಿದರೆ 53 ಗ್ರಾಂ ಉಳಿಯುತ್ತದೆ. ತೂಕ ಇಳಿಯುವುದು ನಿಂತರೆ ಕೆಲಸ ಮುಗಿಯಿತು ಅಂತ ಅರ್ಥ.

ನಾನು ಈ ಲೇಖನ ಬರೆಯಲು ಒಪ್ಪಿಕೊಂಡಿದ್ದೇ ಮುಂದಿನ ಭಾಗಕ್ಕಾಗಿ. ಮೇಡಂ ಬರೀ ಅಳತೆ ಕೊಟ್ಟು ಬಿಡಲಿಲ್ಲ. "ಸುಮ್ನೆ ನಂಬಬೇಡಿ, ಒಂದೊಂದೇ ತೆಗೆದು ನೋಡಿ" ಎಂದರು. ರೀಲಿನ ಶುರುವಿನಲ್ಲಿ ಹೇಗೂ ಬೆಳಕು ಬಿದ್ದು ಹಾಳಾದ ನಾಲಗೆಯಂಥ ತುಂಡು ಇರುತ್ತದಲ್ಲ, ಅದನ್ನು ಕತ್ತರಿಸಿ ಚೂರು ಮಾಡಿದೆವು. ಇದಕ್ಕೆ ಕತ್ತಲೆ ಕೋಣೆ ಬೇಡ, ಕಿಟಕಿ ಪಕ್ಕದಲ್ಲೇ ಮಾಡಬಹುದು. ಬೀಕರುಗಳನ್ನು ಸಾಲಾಗಿ ಇಟ್ಟೆವು. ಕಾಫಿ ಮಾತ್ರ ಇದ್ದ ಬೀಕರಿನಲ್ಲಿ ಚೂರು ಹಾಗೇ ಇತ್ತು. ಕಾಫಿಗೆ ವಿಟಮಿನ್ ಸಿ ಸೇರಿಸಿ ಸೋಡಾ ಬಿಟ್ಟಾಗಲೂ ಏನೂ ಆಗಲಿಲ್ಲ. ಕಾಫಿ ಮತ್ತು ಸೋಡಾ ಇದ್ದಲ್ಲಿ ನಿಧಾನವಾಗಿ ಕಪ್ಪಾಯಿತು. ವಿಟಮಿನ್ ಸಿ ಮತ್ತು ಸೋಡಾ ಇದ್ದಲ್ಲಿಯೂ ನಿಧಾನ. ಮೂರೂ ಇದ್ದ ಬೀಕರಿನಲ್ಲಿ ಮಾತ್ರ ಚೂರು ಬೇಗ ಕಪ್ಪಾಯಿತು. ಕಾಫಿ, ವಿಟಮಿನ್ ಸಿ ಎರಡೂ ಸೇರಿದರೆ ಎರಡರ ಮೊತ್ತಕ್ಕಿಂತ ಜಾಸ್ತಿ ಕೆಲಸ! ಅದರ ವಿವರಣೆ ಆಮೇಲೆ ಬಂತು. ಬೆಳಕು ಬಿದ್ದ ಸಿಲ್ವರ್ ಬ್ರೋಮೈಡ್ ಕಣಕ್ಕೆ ಎಲೆಕ್ಟ್ರಾನ್ ಕೊಟ್ಟು ಬೆಳ್ಳಿಯಾಗಿಸುವುದು ಡೆವಲಪರಿನ ಕೆಲಸ. ಕಾಫಿಯಲ್ಲಿ ಆ ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫೀಕ್ ಆಸಿಡ್ ಮತ್ತು ಅದರ ಬಂಧುಗಳು. ಅವುಗಳಿಗೆ ಕ್ಷಾರ ಸಿಗದಿದ್ದರೆ ಎಲೆಕ್ಟ್ರಾನ್ ಬಿಟ್ಟುಕೊಡುವುದಿಲ್ಲ. ಸೋಡಾ ಯಾಕೆ ಎಂಬುದನ್ನು ನಾವು ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಮೂಡಿಗೆರೆ ಕಡೆಯ ಗೆಳೆಯನೊಬ್ಬ ಮನೆಯ ತೋಟದ ಅರೇಬಿಕಾ ಪುಡಿ ತಂದು ಫಿಲ್ಟರ್ ಡಿಕಾಕ್ಷನ್ನಿನಲ್ಲಿ ಮಾಡಿದ. ಚಿತ್ರ ಪೇಲವವಾಗಿ ಬಂತು. ಕುಡಿಯಲು ಅರೇಬಿಕಾ ಸೊಗಸು, ಆದರೆ ನಮಗೆ ಬೇಕಾದ ಆಸಿಡ್ ರೊಬಸ್ಟಾದಲ್ಲೇ ಜಾಸ್ತಿ. ಜಾಸ್ತಿ ಹುರಿದಷ್ಟೂ ಅದು ಕಡಿಮೆಯಾಗುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಪಾಲೇ ಕಡಿಮೆ. ಹಾಗಾಗಿ ಚಿಕೋರಿ ಇಲ್ಲದ, ಅಗ್ಗದ ಇನ್‌ಸ್ಟಂಟ್ ಕಾಫಿಯೇ ನಮ್ಮ ಆಯ್ಕೆಯಾಯಿತು.

ವಾಸನೆ ಬಗ್ಗೆ ಹೇಳಲೇಬೇಕು. ಕಾಫಿಗೆ ಸೋಡಾ ಬಿದ್ದ ಕೂಡಲೇ ಘಮ ಹೋಗಿ ಕೆಟ್ಟ ನಾತ ಬರುತ್ತದೆ. ಪಕ್ಕದ ಬಾಟನಿ ಲ್ಯಾಬಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬೇಸಿಗೆಯಲ್ಲಿ ನಲ್ಲಿ ನೀರು 20 ಡಿಗ್ರಿಗೆ ಎಲ್ಲಿ ಇಳಿಯುತ್ತದೆ? ಕ್ಯಾಂಟೀನಿನ ಐಸ್ ತಂದು ಬಕೆಟ್ಟಿನಲ್ಲಿ ಬಾಟಲಿ ಇಟ್ಟು ಥರ್ಮಾಮೀಟರ್ ಹಿಡಿದು ಕೂರುತ್ತಿದ್ದೆವು. ರೀಲನ್ನು ಟ್ಯಾಂಕಿಗೆ ಏರಿಸುವುದು ಸ್ಟೋರ್ ರೂಮಿನಲ್ಲಿ, ಪೂರ್ತಿ ಕತ್ತಲಲ್ಲಿ. ಈ ಫಿಲ್ಮಿಗೆ ಕೆಂಪು ಬಲ್ಬೂ ಆಗುವುದಿಲ್ಲ. ಮುಚ್ಚಳ ಹಾಕಿದ ಮೇಲೆ ಹೊರಗೆ ಬೆಳಕಿನಲ್ಲೇ ಕೆಲಸ. ಮೊದಲ ಒಂದು ನಿಮಿಷ ಬಿಡದೆ ಅಲುಗಿಸುವುದು, ಆಮೇಲೆ ನಿಮಿಷಕ್ಕೊಮ್ಮೆ.

ಮನೆಯ ಸಾಮಾನಿನಲ್ಲಿ ಸಿಗದಿದ್ದುದು ಹೈಪೋ ಒಂದೇ, ಅಂದರೆ ಸೋಡಿಯಂ ಥಯೋಸಲ್ಫೇಟ್. ಡೆವಲಪ್ ಆದ ಮೇಲೆ ಫಿಲ್ಮಿನಲ್ಲಿ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರವನ್ನು ನಿಲ್ಲಿಸುವುದು ಅದರ ಕೆಲಸ. ಅಯೋಡಿನ್ ಟೈಟ್ರೇಷನ್ನಿಗೆ ಅಂತ ಲ್ಯಾಬಿನಲ್ಲಿ ಅದು ಇದ್ದೇ ಇರುತ್ತಿತ್ತು. 1819ರಲ್ಲೇ ಜಾನ್ ಹರ್ಷೆಲ್ ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಕಂಡುಕೊಂಡಿದ್ದರು. ಆಗ ಫೋಟೋಗ್ರಫಿಯೇ ಇರಲಿಲ್ಲ ಅಲ್ವಾ? ಇಪ್ಪತ್ತು ವರ್ಷದ ಮೇಲೆ ಅದಕ್ಕೆ ಕೆಲಸ ಸಿಕ್ಕಿತು. ಬಳಸಿದ ಹೈಪೋವನ್ನು ಸಿಂಕಿಗೆ ಸುರಿಯಲು ಮೇಡಂ ಬಿಡುತ್ತಿರಲಿಲ್ಲ, ಅದರಲ್ಲಿ ಬೆಳ್ಳಿ ಕರಗಿರುತ್ತದೆ. ಕ್ಯಾನಿನಲ್ಲಿ ತುಂಬಿಸಿ, ತುಕ್ಕು ಹಿಡಿಯುವಂಥ ಕಬ್ಬಿಣದ ನಾರು ಹಾಕಿಸುತ್ತಿದ್ದರು. ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ಕೆಳಗೆ ಕೂರುತ್ತಿತ್ತು. ನೆಗೆಟಿವಿನ ಚಿತ್ರವೂ ಬೆಳ್ಳಿ, ಈ ಕೆಸರೂ ಬೆಳ್ಳಿ ಎಂದು ಅವರು ಹೇಳುವಾಗ ಅವರ ಮುಖದಲ್ಲಿ ಖುಷಿ ಕಾಣುತ್ತಿತ್ತು. ಅಷ್ಟು ಪ್ರೀತಿಯಿಂದ ಪಾಠ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಈಗಿನ ವಿದ್ಯಾರ್ಥಿಗಳು ಮಾಡುವುದಾದರೆ ನನ್ನ ಕಡೆಯಿಂದ ಇಷ್ಟು. ಮೊದಲು ಸೋಡಾ ಪೂರ್ತಿ ಕರಗಿಸಿ, ಆಮೇಲೆ ವಿಟಮಿನ್ ಸಿ, ಕೊನೆಗೆ ಕಾಫಿ. ಚೀಪುವ ಮಾತ್ರೆ ಬೇಡ, ಅದರಲ್ಲಿ ಸಕ್ಕರೆ, ಬಣ್ಣ ಇರುತ್ತದೆ. ಕಲಸಿದ್ದನ್ನು ನಾಳೆಗೆ ಇಡಬೇಡಿ, ಗಾಳಿಗೆ ಬೇಗ ಕೆಡುತ್ತದೆ. ಬೀಕರಿನಲ್ಲಿ ಕಲಸಿದ ಕಾಫಿಯನ್ನು ಯಾರೂ ಕುಡಿಯದಂತೆ ಹೆಸರು ಬರೆದು ಅಂಟಿಸಿ. ರೀಲಿನ ತುಂಡು ಕಪ್ಪಾಗುವುದನ್ನು ನೋಡಿದ ಮೇಲೆಯೇ ನಿಮ್ಮ ಒಳ್ಳೆಯ ರೀಲನ್ನು ಟ್ಯಾಂಕಿಗೆ ಹಾಕಿ.