ಇದು ನಿಜವಾದ ಕಾರಿನಂತೆಯೇ ಇದೆಯೇ?

ನವರಾತ್ರಿಯಲ್ಲಿ ನಮ್ಮ ಮನೆಗೆ ಬಂದವರು ಈ ಪ್ರಶ್ನೆ ಕೇಳದೆ ಹೋಗುವುದಿಲ್ಲ. ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ. ಗೊಂಬೆ ಕೂರಿಸುವುದು ಹೆಂಡತಿಯ ಕೆಲಸ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅದರ ಕೆಳಗೆ ದಶಾವತಾರ, ಮದುವೆ ದಿಬ್ಬಣ. ಕಟ್ಟಕಡೆಯ ಮೆಟ್ಟಿಲನ್ನು ನನಗೆ ಬಿಟ್ಟುಕೊಟ್ಟಿದ್ದಾಳೆ. ಸಂತೆ, ಪಾರ್ಕು, ಹಳ್ಳಿಮನೆ ಇರಬೇಕಾದ ಆ ಜಾಗದಲ್ಲಿ ನಾನು ಕಿಟ್‌ಗಳಿಂದ, ಎಂದರೆ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳಿಂದ, ಕಟ್ಟಿದ ಪ್ಲಾಸ್ಟಿಕ್ ಮಸಲ್ ಕಾರುಗಳು ನಿಲ್ಲುತ್ತವೆ. ಮಸಲ್ ಕಾರು ಎಂದರೆ ದೊಡ್ಡ ಎಂಜಿನ್ ಹೊತ್ತ ಅಮೆರಿಕದ ಹಳೆಯ ವೇಗದ ಕಾರು.

ಕೋಸಂಬರಿಯ ದೊನ್ನೆ ಹಿಡಿದವರು ಬಗ್ಗಿ ನೋಡಿ, "ನಿಜವಾದ ಕಾರಿನಂತೆಯೇ ಇದೆಯೇ?" ಎನ್ನುತ್ತಾರೆ. ಮನೆಯಲ್ಲಿ ಮಕ್ಕಳಿರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಎಲ್ಲವೂ ಸರಿಯಾಗಿರುವ ಕಿಟ್ ಯಾವುದು?" ಎಂದು ಕೇಳುತ್ತಾರೆ. ನಿಂತಲ್ಲೇ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಮೊದಲನೆಯದಕ್ಕೆ "ಹೌದು" ಎನ್ನುತ್ತೇನೆ, ಎರಡನೆಯದಕ್ಕೆ ನಗುತ್ತೇನೆ. ಆ "ಹೌದು" ಅರ್ಧ ಸುಳ್ಳು.

ಮೊದಲು ಲೆಕ್ಕ. ಅಮೆರಿಕದ ಕಾರುಗಳ ಕಿಟ್‌ಗಳು ಹೆಚ್ಚಾಗಿ 1:25 ಪ್ರಮಾಣದಲ್ಲಿರುತ್ತವೆ, ಎಂದರೆ ನಿಜವಾದ ಕಾರಿನ ಇಪ್ಪತ್ತೈದರಲ್ಲೊಂದು ಪಾಲು. ಕಿಟ್ ಮಾಡುವ ಎಎಂಟಿ, ಎಂಪಿಸಿ, ಜೋಹಾನ್ ಕಂಪನಿಗಳು ಅದನ್ನೇ ಹಿಡಿದವು. ಮೊನೊಗ್ರಾಮ್ ಮಾತ್ರ ಹೆಚ್ಚಾಗಿ 1:24ರಲ್ಲಿ ಮಾಡಿತು. ಕೇಳಲು ಒಂದೇ ಅನ್ನಿಸುತ್ತದೆ. ಆದರೆ 1970ರ ಪ್ಲಿಮತ್ ಕೂಡಾ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 108 ಅಂಗುಲ. 1:25ರಲ್ಲಿ ಅದು ಸುಮಾರು 110 ಮಿಲಿಮೀಟರ್, 1:24ರಲ್ಲಿ 114ಕ್ಕೂ ಸ್ವಲ್ಪ ಹೆಚ್ಚು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದು ಅಣ್ಣ, ಇನ್ನೊಂದು ತಮ್ಮ. (ಕೂಡಾ ಎಂಬುದು ಬ್ಯಾರಕೂಡಾ ಮೀನಿನ ಹೆಸರಿನ ಬಾಲ. "ಇದು ಕೂಡಾ" ಎಂದರೆ, "ಇದು ಕೂಡ ಏನು?" ಎಂದು ಕೇಳಿದವರಿದ್ದಾರೆ.)

ಮಾದರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ ಎರಡೂವರೆ ಸೆಂಟಿಮೀಟರ್ ತಪ್ಪಿದಂತೆ. ಛಾವಣಿ ಅಷ್ಟು ತಗ್ಗಿದರೆ ಸಾಕು, ಯಾರೋ ತಲೆಯ ಮೇಲೆ ಒತ್ತಿದಂತೆ ಕಾಣುತ್ತದೆ. ಅದೇ ಲೆಕ್ಕ ಹಿಡಿದರೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಿಟಕಿ ಎಂದರೆ ಒಂದು ಅಂಗುಲ ದಪ್ಪದ ಗಾಜು! ಪೂರ್ತಿ ನಿಖರವಾದ ಕಿಟ್ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಕಣ್ಣಿಗೆ ನಂಬಿಕೆ ಹುಟ್ಟಿಸುವ ಕಿಟ್‌ಗಳು ಇವೆ, ಅಷ್ಟೇ.

ಹೊಸ ಅಚ್ಚು ಎಂದರೆ ಹೆಚ್ಚು ನಿಖರ ಎಂದು ಹಲವರು ತಿಳಿದಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಅರವತ್ತರ ದಶಕದಲ್ಲಿ ಈ ಕಂಪನಿಗಳು ಕಾರು ಮಾರುವ ಅಂಗಡಿಗಳಿಗೆ ಪ್ರಚಾರದ ಪುಟ್ಟ ಮಾದರಿಗಳನ್ನೂ ಮಾಡಿಕೊಡುತ್ತಿದ್ದವು. ಅದಕ್ಕಾಗಿ ಕಾರ್ಖಾನೆಯ ನಕ್ಷೆಗಳೇ ಅವರ ಕೈಗೆ ಬರುತ್ತಿದ್ದವು. ಹಾಗಾಗಿ ಆ ಕಾಲದ ಕಿಟ್‌ಗಳಲ್ಲಿ ಮೈಕಟ್ಟು ಎಷ್ಟೋ ಸಲ ಅಚ್ಚುಕಟ್ಟು. ಜೋಹಾನ್‌ನ ಮೈಕಟ್ಟನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಕಾರನ್ನು ತಿರುಗಿಸಿ ಹೊಟ್ಟೆ ನೋಡಬೇಡಿ. ಸೈಲೆನ್ಸರ್, ಆ್ಯಕ್ಸಲ್, ಸಸ್ಪೆನ್ಷನ್ ಎಲ್ಲವೂ ಒಂದೇ ತಟ್ಟೆಯಲ್ಲಿ ಉಬ್ಬುಶಿಲ್ಪದಂತೆ ಮೂಡಿರುತ್ತವೆ. ಕೆಲವು ಹಳೆಯ ಕಿಟ್‌ಗಳಲ್ಲಿ ಮುಂದಿನ ಚಕ್ರಗಳ ಉಕ್ಕಿನ ಕಡ್ಡಿ ಎಂಜಿನ್ನಿನ ಹೊಟ್ಟೆಯನ್ನೇ ತೂರಿಕೊಂಡು ಆ ಕಡೆಗೆ ಹೋಗುತ್ತದೆ. ಹೊಸ ಅಚ್ಚುಗಳಲ್ಲಿ ಹೊಟ್ಟೆ ಚೆನ್ನಾಗಿರುತ್ತದೆ, ಆದರೆ ಅಳತೆ ತೆಗೆಯಲು ಸಿಗುವುದು ಉಳಿದುಕೊಂಡ ಹಳೆಯ ಕಾರು. ಅದನ್ನು ಐವತ್ತು ವರ್ಷಗಳಲ್ಲಿ ಯಾರು ಯಾರು ಬಿಚ್ಚಿ ಹೇಗೆ ಜೋಡಿಸಿದ್ದಾರೋ!

ಇಷ್ಟಾದರೂ ಮೈಕಟ್ಟಿನ ತಪ್ಪಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಅಚ್ಚು ಮಾಡಿದವರ ಪಾಪ. ನಮ್ಮ ಕೈಯಿಂದ ಆಗುವ ಪಾಪ ಬೇರೆ ಇದೆ. ಅದು ಪೆಟ್ಟಿಗೆಯೊಳಗಿನ ಆಯ್ಕೆಗಳಿಂದ ಬರುತ್ತದೆ.

ಎಎಂಟಿ 1958ರಲ್ಲಿ ಒಂದು ಪೆಟ್ಟಿಗೆಯಲ್ಲಿ ಮೂರು ಕಾರು ಎಂಬ ಉಪಾಯ ತಂದಿತು. ಅಂಗಡಿಯಿಂದ ಬಂದಂತೆ ಕಟ್ಟಬಹುದು, ಮನಸ್ಸಿಗೆ ಬಂದಂತೆ ಅಲಂಕರಿಸಬಹುದು, ಇಲ್ಲವೇ ರೇಸಿನ ಕಾರು ಮಾಡಬಹುದು. ಇವತ್ತಿಗೂ ಎಷ್ಟೋ ಪೆಟ್ಟಿಗೆಗಳಲ್ಲಿ ಎರಡು ಬಾನೆಟ್, ಎರಡು ಜೊತೆ ಚಕ್ರ, ಒಂದು ಸೂಪರ್‌ಚಾರ್ಜರ್, ಬೇಡಬೇಡವೆಂದರೂ ಡೆಕಾಲ್‌ಗಳ (ಮೈಮೇಲೆ ಅಂಟಿಸುವ ಚಿತ್ರ, ಪಟ್ಟಿಗಳ) ಹಾಳೆ ಇರುತ್ತವೆ. ಅಲಂಕಾರದ ಕಾರಿಗೆ, ರೇಸಿನ ಕಾರಿಗೆ ತಪ್ಪು ಎಂಬುದೇ ಇಲ್ಲ; ಏನು ಬೇಕಾದರೂ ಅಂಟಿಸಿ. ಆದರೆ "ಕಾರ್ಖಾನೆಯಿಂದ ಬಂದಂತೆಯೇ" ಎಂದು ಬಾಯಿಬಿಟ್ಟು ಹೇಳಿದಿರೋ, ಸಿಕ್ಕಿಬಿದ್ದಿರಿ. ಆ ಕಾಲದಲ್ಲಿ ಕಾರು ಕೊಳ್ಳುವವನು ಎಂಜಿನ್, ಗೇರ್, ಚಕ್ರ, ಮೈಮೇಲಿನ ಬಣ್ಣದ ಪಟ್ಟಿ ಎಲ್ಲವನ್ನೂ ಕಂಪನಿಯ ಯಾದಿಯಿಂದ ಆರಿಸುತ್ತಿದ್ದ ನಿಜ. ಆದರೆ ಎಲ್ಲದರ ಜೊತೆ ಎಲ್ಲವೂ ಸಿಗುತ್ತಿರಲಿಲ್ಲ. 1969ರ ಷೆವರ್ಲೆ ಕ್ಯಾಮರೊ ಜೆಡ್/28ಗೆ ಆಟೊಮ್ಯಾಟಿಕ್ ಗೇರ್ ಇರಲೇ ಇಲ್ಲ. ಒಳಗೆ ಎರಡೇ ಪೆಡಲ್ ಅಂಟಿಸಿದರೆ ತಪ್ಪು, ಕ್ಲಚ್ ಬೇಕೇ ಬೇಕು. ಕೂಡಾದ ವಿಶೇಷ ಆವೃತ್ತಿಯಾದ 1970ರ ಎಎಆರ್ ಕೂಡಾಗೆ 340 ಘನ ಅಂಗುಲದ ಎಂಜಿನ್ ಮಾತ್ರ, ಅದರ ಮೇಲೆ ಮೂರು ಕಾರ್ಬ್ಯುರೇಟರ್. ಸೈಲೆನ್ಸರ್ ಕೊಳವೆ ಹಿಂದಿನ ಚಕ್ರದ ಮುಂದೆಯೇ ಪಕ್ಕಕ್ಕೆ ಹೊರಬರುತ್ತದೆ. ಎಎಆರ್ ಪಟ್ಟಿ ಅಂಟಿಸಿ ಬಾನೆಟ್ ಕೆಳಗೆ 426 ಘನ ಅಂಗುಲದ ಹೆಮಿ ಎಂಬ ದೊಡ್ಡ ಎಂಜಿನ್ ಇಟ್ಟರೆ ಅಂಥ ಕಾರು ಯಾವ ಕಾರ್ಖಾನೆಯಿಂದಲೂ ಬಂದಿಲ್ಲ.

ಇಷ್ಟು ಖಡಕ್ಕಾಗಿ ಹೇಳುವ ನಾನು ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಪ್ರತಿ ಆಗಸ್ಟ್‌ನ ಮೂರನೆಯ ಶನಿವಾರ ಇಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಡ್ರೀಮ್ ಕ್ರೂಸ್ ನಡೆಯುತ್ತದೆ. 1995ರಿಂದ ನಡೆದು ಬಂದಿರುವ ಹಳೆಯ ಕಾರುಗಳ ಜಾತ್ರೆ ಅದು. ತೇರಿನ ಬದಲು ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಕಾರುಗಳು. ಒಂದು ವರ್ಷ ಹೊಸದಾಗಿ ಮುಗಿಸಿದ ನನ್ನ 1970ರ ಹೆಮಿ ಕೂಡಾವನ್ನು ಡಬ್ಬದಲ್ಲಿಟ್ಟುಕೊಂಡು ಹೋಗಿದ್ದೆ. ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮುದುಕರೊಬ್ಬರ ಪಕ್ಕದಲ್ಲಿ ಅಂಥದ್ದೇ ಕಾರು ನಿಂತಿತ್ತು. ಹೆಮ್ಮೆಯಿಂದ ನನ್ನದನ್ನು ಅವರ ಅಂಗೈ ಮೇಲಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಎಂಜಿನ್ ಕಿತ್ತಳೆ ಬಣ್ಣದಲ್ಲಿದೆ, ಸರಿ. ಸ್ಪಾರ್ಕ್ ಪ್ಲಗ್‌ನ ತಂತಿಗಳು ವಾಲ್ವ್ ಮುಚ್ಚಳದ ನಡುವೆಯೇ ಇಳಿದಿವೆ, ಸರಿ. "ಆದರೆ ಈ ಕಾರಿಗೆ ಮುಖ 1970ರದ್ದು, ಬಟ್ಟೆ 1971ರದ್ದು" ಎಂದು ಕಾರನ್ನು ಹಿಂದಕ್ಕೆ ಕೊಟ್ಟರು.

ಪಕ್ಕದ ತುಂಬ ಹಲಗೆಯಂತೆ ಹರಡುವ ದೊಡ್ಡ ಪಟ್ಟಿ ಬಂದದ್ದು 1971ರಲ್ಲಿ. ಆ ವರ್ಷದ ಕೂಡಾಗೆ ನಾಲ್ಕು ಹೆಡ್‌ಲೈಟ್, ಮಡ್‌ಗಾರ್ಡ್ ಮೇಲೆ ಮೀನಿನ ಕಿವಿರಿನಂಥ ಸೀಳುಗಳು. 1970ರದ್ದಕ್ಕೆ ಎರಡೇ ಹೆಡ್‌ಲೈಟ್. ಪಟ್ಟಿ ಹಿಂಬದಿಯಲ್ಲಿ ಹಾಕಿ ಆಟದ ಕೋಲಿನಂತೆ ಬಾಗುತ್ತದೆ. ನಾನು ಬೇರೊಂದು ಕಿಟ್‌ನಲ್ಲಿ ಉಳಿದಿದ್ದ ಡೆಕಾಲ್ ಚಂದ ಕಂಡಿತೆಂದು ಅಂಟಿಸಿದ್ದೆ. ಅದರ ಮೇಲೆ ಮೂರು ಸಲ ವಾರ್ನಿಷ್ ಬೇರೆ ಹೊಡೆದಿದ್ದೆ.

ಆದ್ದರಿಂದ ಕಿಟ್ ಕೇಳುವವರನ್ನು ಈಗ ನಾನೇ ತಿರುಗಿ ಕೇಳುತ್ತೇನೆ: ಯಾವ ಕಾರು, ಯಾವ ವರ್ಷ, ಯಾವ ಎಂಜಿನ್? ಆ ಮೂರಕ್ಕೂ ಉತ್ತರವಿದ್ದರೆ ಪೆಟ್ಟಿಗೆಯಲ್ಲಿರುವ ಅರ್ಧ ಬಿಡಿಭಾಗಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಎಂಜಿನ್ನಿಗೆ ಬಳಿಯುವ ಬಣ್ಣವೂ ಅಲ್ಲೇ ತೀರ್ಮಾನವಾಗುತ್ತದೆ: ಷೆವರ್ಲೆಗೆ ಕಿತ್ತಳೆ, ಫೋರ್ಡ್‌ಗೆ ನೀಲಿ, ಪಾಂಟಿಯಾಕ್‌ಗೆ ತಿಳಿನೀಲಿ. ಬಾನೆಟ್ ತೆರೆದ ತಕ್ಷಣ ತಿಳಿದವರು ಮೊದಲು ನೋಡುವುದು ಅದನ್ನೇ. ಇನ್ನು ಒಂದೇ ಮಾತು, ಇದು ನಿಖರತೆಗೆ ಸಂಬಂಧಿಸಿದ್ದಲ್ಲ: ಹಳೆಯ ಕಿಟ್‌ಗಳ ಮೆತ್ತನೆಯ ಟೈರುಗಳನ್ನು ಪ್ಲಾಸ್ಟಿಕ್ ಭಾಗಗಳಿಗೆ ತಾಗುವಂತೆ ಪೆಟ್ಟಿಗೆಯಲ್ಲಿ ಬಿಡಬೇಡಿ. ವರ್ಷಗಳು ಕಳೆದಂತೆ ಟೈರು ಪ್ಲಾಸ್ಟಿಕ್ಕನ್ನು ಕರಗಿಸಿ ಗುಂಡಿ ಮಾಡುತ್ತದೆ.

ಕಳೆದ ವಾರ ಮೈಸೂರಿನಿಂದ ತಮ್ಮನ ಮಗ ಫೋನ್ ಮಾಡಿದ್ದ. "ದೊಡ್ಡಪ್ಪ, ಬರುವಾಗ ನನಗೂ ಒಂದು ಕಿಟ್ ತನ್ನಿ" ಎಂದ. ಕಿಟ್ ತರುತ್ತೇನೆ, ಸ್ಪ್ರೇ ಬಣ್ಣವನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದನ್ನು ಅಲ್ಲೇ ಕೊಳ್ಳೋಣ ಎಂದೆ. ಆಮೇಲೆ ಯಾವ ಕಾರು, ಯಾವ ವರ್ಷ, ಯಾವ ಎಂಜಿನ್ ಎಂದು ಕೇಳಿದೆ. ಸ್ವಲ್ಪವೂ ಯೋಚಿಸದೆ, "ನೇರಳೆ ಬಣ್ಣದ್ದು" ಎಂದ. 1970ರಲ್ಲಿ ಆ ಬಣ್ಣವನ್ನು ಡಾಡ್ಜ್ ಕಾರಿಗೆ ಬಳಿದರೆ ಪ್ಲಮ್ ಕ್ರೇಜಿ ಎನ್ನುತ್ತಿದ್ದರು, ಪ್ಲಿಮತ್‌ಗೆ ಬಳಿದರೆ ಇನ್-ವಯಲೆಟ್. ಡಬ್ಬಿಯೊಳಗಿನ ಬಣ್ಣ ಒಂದೇ. ಹಾಗಾದರೆ ಡಾಡ್ಜ್‌ನ ಚಾಲೆಂಜರ್ ಬೇಕೋ ಪ್ಲಿಮತ್‌ನ ಕೂಡಾ ಬೇಕೋ ಎಂದು ನಾನು ಕೇಳುವಷ್ಟರಲ್ಲಿ ಅವನು ಫೋನನ್ನು ಅಮ್ಮನ ಕೈಗೆ ಕೊಟ್ಟು ಹೋಗಿದ್ದ.